ಆ ಮನೆ ಎಲ್ಲಿದೆ ಎಂದು ಕೇಳುವವರಿಗೆ

ನನ್ನ ಕಾದಂಬರಿಯನ್ನು ಓದಿದವರು ಸಿಕ್ಕಾಗ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಆ ಮನೆ ನಿಜವಾಗಿ ಎಲ್ಲಿದೆ? ನೋಡಿ ಬರೆದದ್ದೋ, ಊಹಿಸಿ ಬರೆದದ್ದೋ?" ಈಗಷ್ಟೇ ಬರೆಯಲು ತೊಡಗಿರುವ ಕಿರಿಯರು ಇದನ್ನೇ ಇನ್ನೊಂದು ಬಗೆಯಲ್ಲಿ ಕೇಳುತ್ತಾರೆ. ತಾವು ಬದುಕದ ಜಾಗವನ್ನು ಬರೆಯಬಹುದೇ, ಬರೆದರೆ ಎಷ್ಟು ವಿವರ ಬೇಕು ಎನ್ನುವುದು ಅವರ ಆತಂಕ. ಇಷ್ಟು ದಿನ ಎರಡು ಮಾತಿನಲ್ಲಿ ಉತ್ತರಿಸಿ ಮುಗಿಸುತ್ತಿದ್ದೆ. ಪ್ರಶ್ನೆ ಅದಕ್ಕಿಂತ ಆಳವಾದದ್ದು ಎಂದು ಈಚೆಗೆ ಅನ್ನಿಸಿರುವುದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾದಂಬರಿಯ ಜಾಗ ಹುಟ್ಟುವುದು ಅದನ್ನು ಹೇಳುವವರ ದನಿಯಲ್ಲಿ. ಹೇಳುವವರು ಎಲ್ಲಿ ನಿಂತಿದ್ದಾರೆ ಎನ್ನುವುದು ತೀರ್ಮಾನವಾಗುವ ತನಕ, ಲೇಖಕ ಕಣ್ಣಾರೆ ಕಂಡ ಮನೆಯೂ ಪುಟದ ಮೇಲೆ ಮನೆಯಾಗಿ ನಿಲ್ಲುವುದಿಲ್ಲ.

ಇದು ನನಗೆ ಗೊತ್ತಾದದ್ದು ಒಂದು ಕರಡು ಕೈಕೊಟ್ಟ ಮೇಲೆ. ಬಹಳ ವರ್ಷಗಳ ನಂತರ ಹುಟ್ಟಿದ ಮನೆಗೆ ಮರಳುವ ಹೆಂಗಸೊಬ್ಬಳ ಕಥೆ ಅದು. ನೂರಕ್ಕೂ ಹೆಚ್ಚು ಪುಟ ಬರೆದಿದ್ದೆ. ಮೆಟ್ಟಿಲುಗಳ ಲೆಕ್ಕ, ಗೋಡೆಯ ಬಣ್ಣ, ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಎಲ್ಲಿಯವರೆಗೆ ಬರುತ್ತದೆ ಎನ್ನುವುದು, ಎಲ್ಲವೂ ಸರಿಯಾಗಿದ್ದವು. ಆದರೂ ಓದಿದರೆ ಮಾರಾಟಕ್ಕಿಟ್ಟ ಮನೆಯ ವಿವರಪಟ್ಟಿಯಂತಿತ್ತು. ಆ ಅಧ್ಯಾಯ ಶುರುವಾಗುತ್ತಿದ್ದದ್ದು ಹೀಗೆ: "ಅವಳು ಒಳಗೆ ಹೋದಳು. ಕೋಣೆಯಲ್ಲಿ ಹಳೆಯ ಮರದ ಕಿಟಕಿಯೊಂದಿತ್ತು." ತಿಂಗಳುಗಟ್ಟಲೆ ವಿವರಗಳನ್ನು ಸೇರಿಸಿ, ತೆಗೆದು, ಮತ್ತೆ ಸೇರಿಸಿದ ಮೇಲೆ ಒಂದು ದಿನ ಹೊಳೆಯಿತು, ತೊಡಕಿರುವುದು "ಹೋದಳು" ಎಂಬ ಪದದಲ್ಲಿ. "ಒಳಗೆ ಹೋದಳು" ಎನ್ನುವವರು ಹೊರಗೆ ನಿಂತಿದ್ದಾರೆ. "ಒಳಗೆ ಬಂದಳು" ಎನ್ನುವವರು ಮೊದಲೇ ಒಳಗಿದ್ದಾರೆ, ಪ್ರಾಯಶಃ ಅವಳಿಗಾಗಿ ಕಾದೂ ಇದ್ದಾರೆ. ನಾನು ನೂರು ಪುಟವನ್ನೂ ಹೊಸ್ತಿಲಾಚೆ ನಿಂತೇ ಬರೆದಿದ್ದೆ.

ಕ್ರಿಯಾಪದ ಬದಲಾದ ಕೂಡಲೇ, ಒಳಗಿರುವ ಆ ದನಿ ಯಾರದು ಎಂಬ ಪ್ರಶ್ನೆ ಎದ್ದಿತು. ಮನೆ ಬಿಟ್ಟು ಎಲ್ಲಿಗೂ ಹೋಗದೆ ಉಳಿದ ತಂಗಿಯದು ಎಂದು ತಿಳಿಯಲು ಕೆಲವು ವಾರಗಳೇ ಹಿಡಿದವು. ಆಮೇಲೆ ಕಿಟಕಿ ಬೇರೆಯದೇ ರೀತಿಯಲ್ಲಿ ಬಂತು: "ಅಕ್ಕ ಒಳಗೆ ಬಂದಳು. ಕಿಟಕಿ ತೆಗೆಯಲೆಂದು ಚಿಲಕವನ್ನು ಎಳೆದಳು, ಮತ್ತೆ ಎಳೆದಳು. ಎಡಗೈಯಲ್ಲಿ ಕದವನ್ನು ಒತ್ತಿ ಹಿಡಿದರೆ ಮಾತ್ರ ಅದು ಜರುಗುತ್ತದೆ ಎನ್ನುವುದು ಅವಳಿಗೆ ಮರೆತುಹೋಗಿತ್ತು." ಕಿಟಕಿ ಹಳೆಯದೆಂದು ಇಲ್ಲಿ ಹೇಳಿಲ್ಲ, ಮರದ್ದೆಂದೂ ಹೇಳಿಲ್ಲ. ಆದರೆ ಯಾರು ಹೋದರು, ಯಾರು ಉಳಿದರು, ಉಳಿದವಳ ಮನಸ್ಸಿನಲ್ಲಿ ಏನು ಕುಳಿತಿದೆ ಎನ್ನುವುದು ಆ ಚಿಲಕದಲ್ಲಿ ಸಿಕ್ಕಿಕೊಂಡಿದೆ.

ಕನ್ನಡದಲ್ಲಿ ಬರೆಯುವವರಿಗೆ ಈ ವಿಷಯದಲ್ಲಿ ಭಾಷೆಯೇ ದೊಡ್ಡ ಆಸರೆ ಎಂದು ನಾನು ನಂಬಿದ್ದೇನೆ. ನಮ್ಮಲ್ಲಿ ಯಾರಿಗೂ ಸೇರದ, ಎಲ್ಲಿಯೂ ನಿಲ್ಲದ ನಿರೂಪಕನನ್ನು ಇಟ್ಟುಕೊಳ್ಳುವುದು ಸುಲಭವಲ್ಲ. ಒಬ್ಬ ತಾಯಿಯನ್ನು ಕಥೆಯೊಳಗೆ ತರಬೇಕಾದರೆ "ಬಂದಳು" ಎನ್ನಬೇಕೋ "ಬಂದರು" ಎನ್ನಬೇಕೋ ಎಂದು ಮೊದಲ ವಾಕ್ಯದಲ್ಲೇ ನಿಶ್ಚಯಿಸಬೇಕಾಗುತ್ತದೆ, ಮತ್ತು ಆ ನಿಶ್ಚಯದೊಂದಿಗೆ ಹೇಳುವವರ ವಯಸ್ಸು, ಸಲಿಗೆ, ಆ ಮನೆಯಲ್ಲಿ ಅವರಿಗಿರುವ ಸ್ಥಾನ ಎಲ್ಲವೂ ಹಿಂದೆಯೇ ಬಂದುಬಿಡುತ್ತವೆ. "ಬಂದಳಂತೆ" ಎಂದರಂತೂ ಹೇಳುವವರು ಆ ಹೊತ್ತಿನಲ್ಲಿ ಅಲ್ಲಿ ಇರಲಿಲ್ಲ, ಯಾರೋ ಹೇಳಿದ್ದನ್ನು ಹೇಳುತ್ತಿದ್ದಾರೆ ಎನ್ನುವುದು ಒಂದು ಪ್ರತ್ಯಯದಲ್ಲಿ ತಿಳಿದುಹೋಗುತ್ತದೆ. ಇವನ್ನು ಅಭ್ಯಾಸಬಲದಿಂದ ಬರೆದು ಮುಂದೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದನಿ ಎಂದರೆ ಆಡುಮಾತು ಎಂದು ತಿಳಿದು ಪುಟದ ತುಂಬ ಉಚ್ಚಾರಣೆಯನ್ನು ಬರೆದಿಡುವವರೂ ಇದ್ದಾರೆ. ಸಂಭಾಷಣೆಯಲ್ಲಿ ಅದು ಸೊಗಸು, ಆದರೆ ಯಾರು ಏನನ್ನು ಗಮನಿಸುತ್ತಾರೆ ಎಂಬುದಕ್ಕೆ ಅದು ಬದಲಿಯಾಗಲಾರದು.

ಹಾಗಾದರೆ ಜಾಗದ ಬಗ್ಗೆ ವಿಚಾರಿಸಿ ತಿಳಿಯುವುದೇ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು, ಆದರೆ ಪಾತ್ರದ ಮೈಕೈಗೆ ಬೇಕಾದದ್ದನ್ನು ಮೊದಲು ವಿಚಾರಿಸಬೇಕು. ಐರಿಷ್ ಕಾದಂಬರಿಕಾರ ಜೇಮ್ಸ್ ಜಾಯ್ಸ್ ತಮ್ಮ ಹುಟ್ಟೂರಾದ ಡಬ್ಲಿನ್ ನಗರವನ್ನು ಕೊನೆಯ ಬಾರಿ ನೋಡಿದ್ದು 1912ರಲ್ಲಿ. ಆ ನಗರದ ಒಂದೇ ದಿನವನ್ನು ಹಿಡಿದಿಡುವ "ಯುಲಿಸಿಸ್" ಕಾದಂಬರಿಯನ್ನು ಅವರು ಬರೆದದ್ದೆಲ್ಲ ಹೊರದೇಶಗಳಲ್ಲಿ. 1921ರಲ್ಲಿ ಪ್ಯಾರಿಸ್‌ನಿಂದ ಡಬ್ಲಿನ್‌ನಲ್ಲಿದ್ದ ಸೋದರಮಾವನ ಹೆಂಡತಿಗೆ ಪತ್ರ ಬರೆದು ಅವರು ಕೇಳಿದ ವಿಷಯ ಇದು: ಎಕ್ಲ್ಸ್ ಬೀದಿಯ 7ನೇ ನಂಬರಿನ ಮನೆಯ ಮುಂದಿನ ಕಬ್ಬಿಣದ ಕಂಬಿಗಳನ್ನು ಸಾಧಾರಣ ಮನುಷ್ಯನೊಬ್ಬ ಹತ್ತಿ ದಾಟಿ, ಆಚೆ ಜೋತುಬಿದ್ದು, ನೆಲಕ್ಕೆ ಎರಡು ಮೂರು ಅಡಿ ಇರುವಾಗ ಕೈಬಿಟ್ಟರೆ ಪೆಟ್ಟಾಗದೆ ಇಳಿಯಬಹುದೇ? ಬೀಗದ ಕೈ ಮರೆತು ಬಂದಿರುವ ಅವರ ನಾಯಕ ಮಧ್ಯರಾತ್ರಿ ಕಳೆದ ಮೇಲೆ ಹಾಗೆ ಮನೆಯೊಳಗೆ ಇಳಿಯಬೇಕಾಗಿತ್ತು. ಆ ಮನೆ ಎಷ್ಟು ಸುಂದರ, ಎಷ್ಟು ಹಳೆಯದು ಎಂಬುದು ಪತ್ರದ ಆ ಪ್ರಶ್ನೆಗೆ ಬೇಕಿರಲಿಲ್ಲ. ನಮ್ಮಲ್ಲೇ ಯು. ಆರ್. ಅನಂತಮೂರ್ತಿಯವರು 1965ರ "ಸಂಸ್ಕಾರ"ದ ಅಗ್ರಹಾರವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ. ಹೇಳುವ ದನಿ ಗಟ್ಟಿಯಾಗಿದ್ದರೆ ದೂರದಿಂದ ಕೆಡುಕಾಗುವುದಿಲ್ಲ ಎಂಬ ಧೈರ್ಯವನ್ನು ನಾನು ಪಡೆದದ್ದು ಇಂಥ ಉದಾಹರಣೆಗಳಿಂದ.

ದನಿಯೊಳಗೆ ಹೋಗಿ ಬರೆಯುವುದಕ್ಕೆ ಒಂದು ಅಪಾಯವೂ ಇದೆ. ಫ್ರೆಂಚ್ ಕಾದಂಬರಿಕಾರ ಗುಸ್ತಾವ್ ಫ್ಲೋಬೇರ್ ತಮ್ಮ "ಮದಾಮ್ ಬೊವಾರಿ"ಯಲ್ಲಿ "ಎಂದು ಅವಳು ಯೋಚಿಸಿದಳು" ಎಂಬ ಸೂಚನೆಯನ್ನು ಎಷ್ಟೋ ಕಡೆ ಕೈಬಿಟ್ಟು, ನಾಯಕಿಯ ಮನಸ್ಸು ಕಂಡದ್ದನ್ನು ನಿರೂಪಣೆಯಲ್ಲೇ ಕರಗಿಸಿದರು. 1857ರಲ್ಲಿ ನೀತಿಗೆಟ್ಟ ಬರಹವೆಂದು ಅವರ ಮೇಲೆ ಮೊಕದ್ದಮೆ ನಡೆದಾಗ, ಗಂಡನಿಗೆ ಮೋಸ ಮಾಡುವ ಆ ನಾಯಕಿಯನ್ನು ಖಂಡಿಸುವ ಒಂದು ಪಾತ್ರವೂ ಪುಸ್ತಕದಲ್ಲಿಲ್ಲ ಎನ್ನುವುದು ಸರ್ಕಾರಿ ವಕೀಲರ ವಾದಗಳಲ್ಲಿ ಒಂದಾಗಿತ್ತು. ನ್ಯಾಯಾಲಯ ಫ್ಲೋಬೇರ್ ಅವರನ್ನು ಬಿಡುಗಡೆ ಮಾಡಿತು. ಪಾತ್ರದ ಕಣ್ಣನ್ನು ಲೇಖಕನ ಕಣ್ಣೆಂದೇ ತಿಳಿಯುವ ಓದುಗರು ಇಂದಿಗೂ ಇದ್ದಾರೆ. ನನ್ನ ಕಾದಂಬರಿಯ ತಂಗಿ ಅಕ್ಕನ ಬಗ್ಗೆ ಕಠಿಣವಾಗಿ ಯೋಚಿಸುವ ಪುಟಗಳನ್ನು ಓದಿ, ಮನೆ ಬಿಟ್ಟು ಹೋದವರ ಮೇಲೆ ನಿಮಗೇಕೆ ಅಷ್ಟು ಕೋಪ ಎಂದು ಒಬ್ಬರು ಬಹಳ ನೊಂದು ಕೇಳಿದ್ದರು. ಅವರಿಗೆ ಸಮಾಧಾನ ಹೇಳಿದೆ. ಆದರೆ ಆ ಪುಟಗಳನ್ನು ಮುಂದಿನ ಮುದ್ರಣದಲ್ಲೂ ತಿದ್ದಲಿಲ್ಲ, ಏಕೆಂದರೆ ಆ ಮನೆಯಲ್ಲಿ ಅಷ್ಟು ವರ್ಷ ಒಬ್ಬಳೇ ಇದ್ದವಳು ಹಾಗಲ್ಲದೆ ಬೇರೆ ರೀತಿ ಯೋಚಿಸಲು ನನಗೆ ಕಾರಣ ಕಾಣಲಿಲ್ಲ.

ಇನ್ನು ಆ ಮನೆ ಎಲ್ಲಿದೆ ಎನ್ನುವವರಿಗೆ ನೇರ ಉತ್ತರ. ಮೆಟ್ಟಿಲುಗಳು ಒಂದು ಮನೆಯವು, ನೆಲದ ಮೇಲಿನ ಬಿಸಿಲು ಇನ್ನೊಂದರದು. ಚಿಲಕ ನಾನು ಓದುವ ಕಾಲದಲ್ಲಿ ಬಾಡಿಗೆಗಿದ್ದ ಕೋಣೆಯದು. ದಿನವೂ ಅದನ್ನು ತೆಗೆದು ಹಾಕುತ್ತಿದ್ದೆನಾದರೂ, ಎಡಗೈಯ ವಿಷಯ ನನಗೆ ನೆನಪಾದದ್ದು ತಂಗಿ ಅದನ್ನು ಹೇಳಿದ ಮೇಲೆ.