ಧಾನ್ಯದ ಬೆಳೆಯಲ್ಲಿ ಕಳೆ: ಎಷ್ಟು ಸಲ ಹರಗಿದಿರಿ ಅನ್ನುವುದಕ್ಕಿಂತ ಯಾವಾಗ, ಎಷ್ಟು ಆಳಕ್ಕೆ ಅನ್ನುವುದೇ ಮುಖ್ಯ

ಹೊಲ ಹಸಿರಾಗಿ ಕಳೆ ಎದ್ದು ಕಾಣುವ ಹೊತ್ತಿಗೆ ಕುಂಟೆ (ಮೇಲ್ಮಣ್ಣು ಕೆರೆದು ಕಳೆ ಕೀಳುವ ಸಲಕರಣೆ) ಹೂಡಿದರೆ ಆಗಲೇ ತಡವಾಗಿರುತ್ತದೆ. ಜೋಳ, ಮೆಕ್ಕೆಜೋಳ, ನೇರ ಬಿತ್ತಿದ ಭತ್ತಕ್ಕೆ ಬಿತ್ತನೆಯಾದ ಸುಮಾರು 15ರಿಂದ 45 ದಿನದವರೆಗಿನ ಅವಧಿ ತುಂಬ ನಾಜೂಕು. ಆ ದಿನಗಳಲ್ಲಿ ಕಳೆಯ ಪೈಪೋಟಿಗೆ ಬೆಳೆ ಸೊರಗಿದರೆ ಆಮೇಲೆ ಎಷ್ಟು ಚೊಕ್ಕಟವಾಗಿ ಕಳೆ ಕಿತ್ತರೂ ಇಳುವರಿ ಪೂರ್ತಿ ಕೈಗೆ ಬರುವುದಿಲ್ಲ.

ಹಾಗಾಗಿ ಕೆಲಸ ಬಿತ್ತನೆಗೆ ಮುಂಚೆಯೇ ಶುರುವಾಗಬೇಕು. ಹೆಂಟೆ ಒಡೆದು ನೆಲವನ್ನು ಬಿತ್ತನೆಗೆ ಪೂರ್ತಿ ಹದ ಮಾಡಿ, ಆದರೆ ಬಿತ್ತಬೇಡಿ. ಒಂದು ಮಳೆ ಬೀಳಲಿ, ಇಲ್ಲವೇ ತೆಳುವಾಗಿ ನೀರು ಕೊಡಿ. 10ರಿಂದ 14 ದಿನದಲ್ಲಿ ಮೇಲ್ಪದರದ ಕಳೆಬೀಜ ಮೊಳೆಯುತ್ತದೆ. ಆಗ ಕುಂಟೆ ಹೊಡೆದು ಅದನ್ನು ಕೊಂದು, ತಡ ಮಾಡದೆ ಬಿತ್ತಿ. ಈ ಸಲದ ಕುಂಟೆ 3-4 ಸೆಂ.ಮೀ.ಗಿಂತ ಆಳಕ್ಕೆ ಹೋಗಲೇಬಾರದು. ಸಣ್ಣ ಕಳೆಬೀಜಗಳಲ್ಲಿ ಹೆಚ್ಚಿನವು ಮೇಲಿನ ಕೆಲವೇ ಸೆಂ.ಮೀ. ಮಣ್ಣಿನಿಂದ ಹುಟ್ಟುತ್ತವೆ. ಕಲ್ಟಿವೇಟರ್ ಆಳಕ್ಕಿಳಿಸಿದರೆ ಕೆಳಗೆ ಮಲಗಿದ್ದ ಬೀಜ ಮೇಲೆದ್ದು ಬೆಳಕು ಕಂಡು ಮೊಳೆಯುತ್ತದೆ. ಎರಡು ವಾರ ಕಾದದ್ದು ವ್ಯರ್ಥ. ಈ ವಿಧಾನ ಕೆಡುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು ಮಾತು: ಬಿತ್ತನೆಯ ಹಂಗಾಮು ಚಿಕ್ಕದಾಗಿದ್ದರೆ ಕಾಯುವುದು ಬೇಡ. ತಡವಾಗಿ ಬಿತ್ತಿದ ಗೋಧಿ ಕಾಳು ಕಟ್ಟುವಾಗ ಬಿಸಿಲಿಗೆ ಸಿಕ್ಕಿದರೆ ಕಳೆಯಿಂದಾಗುವುದಕ್ಕಿಂತ ಹೆಚ್ಚು ನಷ್ಟವಾದೀತು.

ಮಗುಚುವ ನೇಗಿಲಿನಿಂದ 20-25 ಸೆಂ.ಮೀ. ಆಳಕ್ಕೆ ಉತ್ತರೆ ಉದುರಿದ ವಾರ್ಷಿಕ ಕಳೆಬೀಜ ಮಣ್ಣಿನಡಿ ಸೇರಿ ಕೆಲವು ವರ್ಷಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತದೆ. ಆದರೆ ಮರುವರ್ಷವೂ ಅಷ್ಟೇ ಆಳಕ್ಕೆ ಉತ್ತರೆ ಉಳಿದ ಬೀಜವನ್ನು ನಾವೇ ಮೇಲೆ ತಂದ ಹಾಗಾಗುತ್ತದೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ಆಳ ಉಳುಮೆ, ನಡುವಿನ ವರ್ಷಗಳಲ್ಲಿ ಹಗುರ ಉಳುಮೆ ಸಾಕು. ಜೇಕು, ಗರಿಕೆ ಇರುವ ಹೊಲದಲ್ಲಿ ರೋಟವೇಟರ್ (ತಿರುಗುವ ಅಲಗಿನಿಂದ ಮಣ್ಣು ಕೊಚ್ಚುವ ಯಂತ್ರ) ಬಿಡಬೇಡಿ. ಗರಿಕೆಯ ಬಳ್ಳಿ ತುಂಡಾದಷ್ಟೂ ಗೆಣ್ಣಿಗೊಂದು ಹೊಸ ಗಿಡ. ಕಡು ಬೇಸಿಗೆಯಲ್ಲಿ ಕಲ್ಟಿವೇಟರ್‌ನಿಂದ ಗಡ್ಡೆ, ಬಳ್ಳಿ ಮೇಲೆಳೆದು ಬಿಸಿಲಿಗೆ ಒಣಗಿಸಿ, ಮತ್ತೆ ಚಿಗುರಿದರೆ ಮತ್ತೊಮ್ಮೆ ಹೊಡೆಯಿರಿ.

ಬೀಜ ಎರಚಿದ ಹೊಲದಲ್ಲಿ ಕುಂಟೆಗೆ ದಾರಿಯೇ ಇಲ್ಲ. ಸಾಲಾಗಿ ಬೀಜ ಬಿಡುವ ಕೂರಿಗೆಯಲ್ಲಿ ಬಿತ್ತಿದರೆ ಸಾಲಿನ ಹೊರಗೆ ಹುಟ್ಟಿದ್ದೆಲ್ಲ ಕಳೆ ಎಂದು ಗೊತ್ತಾಗುತ್ತದೆ. ಭತ್ತವನ್ನೇ ಹೋಲುವ ಹುಲ್ಲುಗಳನ್ನು ಎಳೆಯದರಲ್ಲಿ ಗುರುತಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಸಾಲಿನ ಅಂತರ ಜೋಳಕ್ಕೆ 45, ಮೆಕ್ಕೆಜೋಳಕ್ಕೆ 60 ಸೆಂ.ಮೀ. ಇದ್ದರೆ ಕುಂಟೆ ಸಲೀಸಾಗಿ ಓಡುತ್ತದೆ. ಎಡೆ ಹೊಡೆಯದ, ಅಂದರೆ ಸಾಲಿನ ನಡುವೆ ಕುಂಟೆ ಆಡಿಸದ ಗೋಧಿಗೆ ಮಾತ್ರ ಉಲ್ಟಾ: 22.5 ಸೆಂ.ಮೀ. ಸಾಲನ್ನು 15-18ಕ್ಕೆ ಇಳಿಸಿ, ನೆಲ ಬೇಗ ಮುಚ್ಚುವಂತೆ ಮಾಡಬೇಕು.

ಬಿತ್ತಿದ ಕೆಲವು ದಿನಕ್ಕೆ ಮೇಲ್ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿ. ಬಿಳಿ ದಾರದೆಳೆಯಂಥ ಮೊಳಕೆ ಕಂಡರೆ ಕಳೆ ಇನ್ನೂ ನೆಲದೊಳಗಿದೆ. ಬೆಳೆಯ ಮೊಳಕೆ ಅದಕ್ಕಿಂತ ಕೆಳಗಿದ್ದರೆ ಹಲ್ಲುಕುಂಟೆಯನ್ನು ಹಗುರವಾಗಿ ಎಳೆಯಬಹುದು. ಎಳೆಗಳು ಮಣ್ಣಿನಿಂದ ಬಿಡಿಸಿಕೊಂಡು ಒಣಗುತ್ತವೆ. ಬೆಳೆ ನೆಲ ಬಿಟ್ಟು ಮೇಲೇಳುವಾಗಲೂ ಒಂದೆರಡು ಎಲೆ ಇದ್ದಾಗಲೂ ಮುಟ್ಟಬೇಡಿ, ಸಸಿಯೇ ಕಿತ್ತುಬರುತ್ತದೆ. ಮೂರೆಲೆಯಾಗಿ ಬೇರು ಹಿಡಿದ ಮೇಲೆ ಮತ್ತೆ ಎಳೆಯಬಹುದು.

ಎಡೆಕುಂಟೆಯ ಕುಡ (ಕಬ್ಬಿಣದ ಅಲಗು) ಚೂಪಾಗಿರಲಿ, ಸಾಲಿನಿಂದ ನಾಲ್ಕೈದು ಸೆಂ.ಮೀ. ದೂರವಿರಲಿ. ಬಿಸಿಲೇರುವ ದಿನ, ಮೇಲ್ಮಣ್ಣು ಆರಿದಾಗ ಬೆಳಿಗ್ಗೆಯೇ ಹೊಡೆಯಿರಿ. ಸಂಜೆ ಮಳೆ ಬರುವ ಸೂಚನೆಯಿದ್ದರೆ ಮುಂದೂಡುವುದೇ ಮೇಲು. ಹಸಿ ಮಣ್ಣಿನಲ್ಲಿ ಕಿತ್ತ ಕಳೆ ರಾತ್ರಿ ಕಳೆಯುವುದರೊಳಗೆ ಮತ್ತೆ ಬೇರೂರಲು ತೊಡಗುತ್ತದೆ. ಸಾಲಿನೊಳಗಿನ ಕಳೆಗೆ ಕುಂಟೆ ಸಿಗುವುದಿಲ್ಲ: ಮೆಕ್ಕೆಜೋಳದಲ್ಲಿ ಸುಮಾರು 30 ದಿನಕ್ಕೆ ಬುಡಕ್ಕೆ ಮಣ್ಣೇರಿಸಿದರೆ ಸಣ್ಣ ಕಳೆ ಮುಚ್ಚಿಹೋಗುತ್ತದೆ, ಉಳಿದ ಬೆಳೆಗಳಲ್ಲಿ ಕೈಯಿಂದಲೇ ಕೀಳಬೇಕು. ಯೂರಿಯಾ ಮೇಲುಗೊಬ್ಬರ ಕಳೆ ತೆಗೆದ ಮೇಲೆ.

ನಾಟಿ ಭತ್ತದ ಕಥೆ ಬೇರೆ, ಅಲ್ಲಿ ನೀರೇ ಕಳೆನಾಶಕ. ಮಡಿ ಸಮತಟ್ಟಾಗಿಲ್ಲದಿದ್ದರೆ ಉಬ್ಬಿನ ಜಾಗದಲ್ಲೆಲ್ಲ ಹುಲ್ಲು ಎದ್ದೇ ಏಳುತ್ತದೆ. ಸಸಿ ನಿಂತ ಮೇಲೆ 5 ಸೆಂ.ಮೀ.ಯಷ್ಟು ನೀರನ್ನು ಬಿಡದೆ ನಿಲ್ಲಿಸಿದರೆ ಹೊಸ ಹುಲ್ಲು ಮೊಳೆಯುವುದು ಬಹಳ ಕಡಿಮೆ. ಸಾಲು ನಾಟಿಯಾಗಿದ್ದರೆ 10-12 ದಿನಕ್ಕೆ ಮೊದಲ ಸಲ, ಆಮೇಲೆ ಹತ್ತು ದಿನಕ್ಕೊಮ್ಮೆ ಕೋನೋವೀಡರ್ (ಕೆಸರಿನಲ್ಲಿ ತಳ್ಳಿ ಕಳೆ ಹೂಳುವ ಚಕ್ರದ ಕೈಯಂತ್ರ) ಓಡಿಸಿ. ಆಗ ಮಾತ್ರ ನೀರು 2-3 ಸೆಂ.ಮೀ. ಇರಲಿ, ಕೆಸರು ಒಣಗಿದ್ದರೆ ಚಕ್ರ ತಿರುಗುವುದಿಲ್ಲ.

ಜೋಳದ ಬೇರಿಗೆ ಅಂಟುವ ಸ್ಟ್ರೈಗಾ ಎಂಬ ಪರಾವಲಂಬಿ ಕಳೆ ಮಾತ್ರ ಕುಂಟೆಗೆ ಬಗ್ಗುವುದಿಲ್ಲ. ನೆಲದ ಮೇಲೆ ಕಾಣುವ ಹೊತ್ತಿಗೆ ಬೆಳೆಯ ರಸ ಹೀರಿಯಾಗಿರುತ್ತದೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಅವು ಹತ್ತು ವರ್ಷ ಮೀರಿಯೂ ಜೀವ ಹಿಡಿದಿರುತ್ತವೆ. ಆದ್ದರಿಂದ ಹೂ ಬಿಡುವ ಮುನ್ನವೇ ಕಿತ್ತು ಸುಡಿ. ಅಂಥ ಹೊಲಕ್ಕೆ ಹತ್ತಿಯಂಥ ಬೆಳೆ ಸರದಿಗೆ ತನ್ನಿ. ಹತ್ತಿಯ ಬೇರು ಸ್ಟ್ರೈಗಾ ಬೀಜವನ್ನು ಮೊಳೆಯಿಸುತ್ತದೆ, ಆದರೆ ಅಂಟಿಕೊಳ್ಳಲು ಬಿಡುವುದಿಲ್ಲ. ಮೊಳೆತದ್ದು ಆಸರೆ ಸಿಗದೆ ಸಾಯುತ್ತದೆ.

ಕೊಯ್ಲು ಯಂತ್ರ ಹೊಲಕ್ಕಿಳಿಯುವ ಮುನ್ನ ಅದರ ಜರಡಿ, ಮೂಲೆಗಳನ್ನು ಗುಡಿಸಿ. ಬದುವಿನ ಹುಲ್ಲನ್ನು ಹೂವಾಗುವ ಮೊದಲೇ ಕೊಯ್ದುಹಾಕಿ.