ಹಂಡೆ ಎಲ್ಲಿಡುವುದು?

ಕಾಸರಗೋಡಿನ ಪೆರ್ಲದ ಹತ್ತಿರ ಚಿಕ್ಕಮ್ಮನ ಹೊಸ ಮನೆಯ ಪಾಯ ನೋಡಲು ಇವತ್ತು ಹೋಗಿದ್ದೆ.

ಐದು ಸೆಂಟ್ಸ್ ಜಾಗ. ಕೇರಳ ಸರಕಾರದ ವಸತಿ ಯೋಜನೆ ಲೈಫ್ ಮಿಷನ್‌ನ 4 ಲಕ್ಷ ರೂಪಾಯಿ, ಅದೂ ಕಂತುಕಂತಾಗಿ. ಕೆಂಪುಕಲ್ಲು, ಸಿಮೆಂಟು, ಲಾರಿ ಬಾಡಿಗೆ, ಕೂಲಿ... ಗೋಡೆ ಏಳುವಷ್ಟರಲ್ಲಿ ಕೈ ಖಾಲಿ. ಬೆಂಡೋಲೆ ಈಗಾಗಲೇ ಬ್ಯಾಂಕಿನಲ್ಲಿದೆ.

ಚಿಕ್ಕಮ್ಮ ಕೇಳಿದ್ದು ಒಂದೇ. "ಮೇಸ್ತ್ರಿಗಳೇ, ಹಂಡೆ ಎಲ್ಲಿಡುವುದು?"

ನಕ್ಷೆಯಲ್ಲಿ ಬಚ್ಚಲೊಲೆಯೇ ಇಲ್ಲ.

"ಗೀಸರ್ ಹಾಕಿಸಿ ಅಕ್ಕಾ" ಎಂದರು ಅವರು.

ಎರಡು ಕಿಲೋವ್ಯಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ 1 ಯೂನಿಟ್. ನಮ್ಮಲ್ಲಿ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ಬರೀ ಸ್ನಾನಕ್ಕೆ 60 ಯೂನಿಟ್! ಬಳಕೆ ಹೆಚ್ಚಿದಂತೆ ದರವೂ ಮೆಟ್ಟಿಲೇರುತ್ತದೆ. ಬೀಡಿ ಕಟ್ಟಿ ದಿನ ದೂಡುವ ಕೈಗೆ ಇದು ಸಣ್ಣ ಮೊತ್ತವಲ್ಲ.

ಹಂಡೆಗೆ ಬೇಕಾದದ್ದೆಲ್ಲ ತೋಟದಲ್ಲೇ ಬಿದ್ದಿರುತ್ತದೆ. ಒಣ ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ. ಬೆಳಗ್ಗೆ ಹಾಕಿದ ಬೆಂಕಿಯ ಕೆಂಡ ಬೂದಿಯೊಳಗೆ ಹೊತ್ತು ಏರುವವರೆಗೂ ಕೆಂಪಗಿರುತ್ತದೆ. ಬೂದಿ ತೆಂಗಿನ ಬುಡಕ್ಕೆ. ಆಟಿ ತಿಂಗಳ ಮಳೆಯಲ್ಲಿ ಮಕ್ಕಳ ಶಾಲೆಯ ಅಂಗಿ ಒಣಗಿದ್ದು ಆ ಒಲೆಯ ಮೇಲಿನ ಹಗ್ಗದಲ್ಲೇ. ಹೊಗೆ ಕಣ್ಣಿಗೆ ಕೆಟ್ಟದ್ದು, ನಿಜ. ಒಲೆಗೊಂದು ಕೊಳವೆ ಇಟ್ಟರಾಯಿತು.

ಬಡವರ ಮನೆಯ ನಕ್ಷೆ ಬರೆಯುವಾಗ ಆ ಮನೆಯ ಹೆಂಗಸನ್ನು ಒಮ್ಮೆ ಯಾಕೆ ಕೇಳುವುದಿಲ್ಲ?

ಹಂಡೆ ಸದ್ಯ ಹಲಸಿನ ಮರದಡಿ ಬೋರಲು ಬಿದ್ದಿದೆ. ಚಿಕ್ಕಮ್ಮ ಅದರ ಮಸಿಯನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದರು.

ನಾಳೆ ಮೇಸ್ತ್ರಿಗಳ ಜೊತೆ ಮಾತನಾಡುತ್ತೇನೆ. ಹಿಂದಿನ ಗೋಡೆಗೆ ತಾಗಿ ನಾಲ್ಕು ಸಾಲು ಕಲ್ಲು, ಮೇಲೊಂದು ಶೀಟು. ಅಷ್ಟಾದರೂ ಆಗಲೇಬೇಕು.