ಗಂಡನ ಜೊತೆ ಹೋಗ್ಲಾ ಬೇಡ್ವಾ ಅಂತ ಕೇಳಿದವಳಿಗೆ

ಹೋದ ವಾರ ನಮ್ಮ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. ನನ್ನ ಹಾಗೇ ಅವಳಿಗೂ ಮಿಲಿಟ್ರಿ ಹುಡುಗನ ಜೊತೇನೇ ಗೊತ್ತಾಗಿದೆ, ಬರೋ ವೈಶಾಖದಲ್ಲಿ ಮದುವೆ. ಅಕ್ಕಾ ಮದುವೆ ಆದ್ಮೇಲೆ ಅವರ ಜೊತೆ ಹೋಗ್ಲಾ ಇಲ್ಲ ಅತ್ತೆ ಮನೇಲೇ ಇರ್ಲಾ, ಎಲ್ರೂ ಇಲ್ಲೇ ಇರು, ಆ ಕಡೆ ಬಿಸಿಲು ಜಾಸ್ತಿ, ಭಾಷೆ ಬೇರೆ ಬರಲ್ಲ, ರಜಕ್ಕೆ ಬರ್ತಾನಲ್ಲ ಅಂತಿದಾರೆ ಅಂದ್ಲು. ಅರ್ಧ ಗಂಟೆ ಮಾತಾಡಿದೆ, ಆದ್ರೂ ಫೋನ್ ಇಟ್ಟ ಮೇಲೆ ಹೇಳಬೇಕಾಗಿದ್ದು ಇನ್ನೂ ಹೊಟ್ಟೇಲೇ ಉಳೀತು ಅನ್ನಿಸ್ತು. ಅದಕ್ಕೆ ಬರೀತಿದೀನಿ. ಅವಳೂ ಓದ್ತಾಳೆ, ಅವಳ ಹಾಗೇ ಯೋಚನೆ ಮಾಡ್ತಿರೋ ಬೇರೆ ಹುಡುಗೀರೂ ಓದ್ಲಿ.

ನನಗೂ ಇದೇ ಹೇಳಿದ್ರು. ನಮ್ಮದು ಅರಸೀಕೆರೆ ಕಡೆ ಹಳ್ಳಿ, ಅತ್ತೆ ಮನೇನೂ ಅದೇ ತಾಲ್ಲೂಕು. ಇವ್ರು ಪಿಯುಸಿ ಮುಗಿಸಿ ಸೇರ್ಕೊಂಡವರು, ಮದುವೆ ಹೊತ್ತಿಗೆ ಒಂಬತ್ತು ವರ್ಷ ಸರ್ವಿಸ್ ಆಗಿತ್ತು. ಆ ಒಂಬತ್ತು ವರ್ಷದಲ್ಲಿ ಮನೇಲಿ ಮಾಡಿದ ದೀಪಾವಳಿ ಎರಡೇ ಎರಡು, ಅತ್ತೆ ಬೆರಳು ಮಡಚಿ ಲೆಕ್ಕ ಹೇಳಿದ್ರು. ರಜಕ್ಕೆ ಬರ್ತಾನಲ್ಲ ಅಂತಾರಲ್ಲ, ರಜ ಅಂದ್ರೆ ವರ್ಷಕ್ಕೆ ಆನ್ಯುವಲ್ ಲೀವ್ 60 ದಿನ, ಕ್ಯಾಶುವಲ್ 30 ದಿನ, ಅಷ್ಟೇ. ಅದೂ ಒಟ್ಟಿಗೆ ಸಿಗಲ್ಲ, ಕೇಳಿದಾಗಲೂ ಸಿಗಲ್ಲ, ಸಿಕ್ಕಿದ್ರಲ್ಲಿ ಹೊಲದ ಕೆಲಸ, ನೆಂಟರ ಮದುವೆ, ಬ್ಯಾಂಕು, ತಾಲ್ಲೂಕಾಫೀಸು ಅಂತ ಅರ್ಧ ಹೋಗುತ್ತೆ. ಫೀಲ್ಡ್ ಪೋಸ್ಟಿಂಗ್ ಬಂದ್ರೆ ಫ್ಯಾಮಿಲಿ ಕರ್ಕೊಂಡು ಹೋಗೋ ಹಾಗೇ ಇಲ್ಲ. ಫ್ಯಾಮಿಲಿ ಇಟ್ಕೊಳೋಕೆ ಬಿಡೋ ಪೀಸ್ ಸ್ಟೇಷನ್ ಸಿಗೋದು ಎರಡು ವರ್ಷನೋ ಮೂರು ವರ್ಷನೋ, ಆಮೇಲೆ ಮತ್ತೆ ಯಾವ ಗುಡ್ಡಕ್ಕೋ ಯಾವ ಬಾರ್ಡರಿಗೋ. ಆ ಎರಡು ಮೂರು ವರ್ಷಾನ ಹಳ್ಳೀಲಿ ಕೂತು ಫೋನಲ್ಲಿ ಕಳೀಬೇಕಾ ಅನ್ನೋದೇ ನನ್ನ ಪ್ರಶ್ನೆ.

ಇವ್ರಿಗೆ ಸಿಕ್ಕಿದ್ದು ಝಾನ್ಸಿ. ಯಾವ ಯೂನಿಟ್ಟು ಏನು ಕೆಲಸ ಅಂತೆಲ್ಲ ಬರೆಯಲ್ಲ, ಬರೀಲೂಬಾರದು. ಮಾಘದಲ್ಲಿ ಮದುವೆ ಆಯ್ತು, ಏಪ್ರಿಲ್ ಕೊನೇಲಿ ಬೆಂಗಳೂರಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ್ವಿ. ಇವ್ರ ಕರೀ ಟ್ರಂಕು, ಮೇಲೆ ಬಿಳೀ ಪೇಂಟಲ್ಲಿ ನಂಬರ್ ರ‍್ಯಾಂಕ್ ಹೆಸರು, ಅದರೊಳಗೆ ಅರ್ಧ ಅವರ ಯೂನಿಫಾರಂ, ಇನ್ನರ್ಧ ನನ್ನ ದೇವರ ದೀಪ, ಒಗ್ಗರಣೆ ಡಬ್ಬಿ, ಸಾರಿನ ಪುಡಿ, ಐದು ಕೆಜಿ ರಾಗಿ ಹಿಟ್ಟು. ಬೆಳಗಿನ ಜಾವ ಕಲಬುರಗೀಲಿ ಯಾರೋ ಪ್ಲಾಟ್‌ಫಾರಂ ಮೇಲೆ ಕನ್ನಡದಲ್ಲಿ ಜೋರಾಗಿ ಮಾತಾಡ್ಕೊಂಡು ಹೋದ್ರು, ಅದೇ ಕೊನೆ, ಆಮೇಲೆ ಸೊಲ್ಲಾಪುರ, ಮನ್ಮಾಡ್, ಭೂಸಾವಲ್, ಭೋಪಾಲ್ ಅಂತ ಊರು ಬರ್ತಾನೇ ಇತ್ತು. ಎರಡು ರಾತ್ರಿ ಒಂದು ಹಗಲು. ಇಳಿದಾಗ ಇನ್ನೂ ಬೆಳಕು ಹರಿದಿರ್ಲಿಲ್ಲ. ಸ್ಟೇಷನ್ ಬೋರ್ಡಲ್ಲಿ ವೀರಾಂಗನಾ ಲಕ್ಷ್ಮೀಬಾಯಿ ಅಂತ ಇದೆ, ನಾಲ್ಕನೇ ಕ್ಲಾಸಲ್ಲಿ ಕಥೆ ಓದಿದ್ದ ರಾಣಿ ಊರಿಗೆ ಸಂಸಾರ ಮಾಡೋಕೆ ಬಂದಿದೀನಿ ಅಂತ ಮೈ ಜುಮ್ಮಂತು.

ಕ್ವಾರ್ಟರ್ಸ್ ಆಗ ಸಿಗ್ಲಿಲ್ಲ, ವೇಟಿಂಗ್ ಲಿಸ್ಟ್ ಇತ್ತು. ಔಟ್ ಲಿವಿಂಗ್ ಪರ್ಮಿಷನ್ ತಗೊಂಡು ಹೊರಗೆ ಮಹಡಿ ಮೇಲಿನ ಒಂದು ರೂಮು ಬಾಡಿಗೆಗೆ ಹಿಡಿದ್ವಿ, ನೆತ್ತಿ ಮೇಲೆ ಬರೀ ತಾರಸಿ. ಮೇ ತಿಂಗಳು ಝಾನ್ಸಿ ಇರೋ ಈ ಬುಂದೇಲ್‌ಖಂಡದ ಬಿಸಿಲು ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಿದ್ರೆ ಅರ್ಥ ಆಗಲ್ಲ. 45 ಡಿಗ್ರಿ ದಾಟುತ್ತೆ. ಮಧ್ಯಾಹ್ನ ಲೂ ಅಂತ ಬಿಸಿಗಾಳಿ ಬೀಸುತ್ತೆ, ಒಲೆ ಬಾಯಿಗೆ ಮುಖ ಇಟ್ಟಂಗೆ. ನಲ್ಲಿ ತಿರುಗಿಸಿದ್ರೆ ಸ್ನಾನದ ನೀರು ಕಾಯಿಸೋದೇ ಬೇಡ. ಇವ್ರು ಬೆಳಿಗ್ಗೆ ಐದಕ್ಕೆ ಪಿಟಿಗೆ ಹೋದ್ರೆ ಮಧ್ಯಾಹ್ನ ಬಂದು ಸಂಜೆ ಮತ್ತೆ ಹೋಗೋರು, ನಾನು ಗೋಡೆ ನೋಡ್ಕೊಂಡು ಕೂರ್ತಿದ್ದೆ. ಮೊದಲ ವಾರ ದಿನಾ ಅತ್ತಿದೀನಿ, ಅದನ್ನ ಮುಚ್ಚಿಡಲ್ಲ.

ಒಂದಿನ ಇವ್ರು ಹಳೇ ಕೂಲರ್ ಒಂದು ಹೊತ್ಕೊಂಡು ಬಂದ್ರು, ತಗಡಿನ ದೊಡ್ಡ ಡಬ್ಬ, ಮೂರೂ ಕಡೆ ಹುಲ್ಲಿನ ಪ್ಯಾಡ್ ಕಟ್ಟಿ ಕೆಳಗೆ ನೀರು ತುಂಬಿಸೋದು. ಖಸ್ ಅಂತ ಬೇರಿನ ಹುಲ್ಲು ತಂದು ಕಟ್ಟಿದ್ರು. ನೀರು ಬಿದ್ದು ಫ್ಯಾನ್ ತಿರುಗಿದ್ದೇ ತಡ ರೂಮೆಲ್ಲ ಲಾವಂಚದ ವಾಸನೆ! ನಮ್ಮಜ್ಜಿ ಕುಡಿಯೋ ನೀರಿನ ಹೂಜಿಗೆ ಒಂದು ಕಟ್ಟು ಲಾವಂಚ ಹಾಕಿಡೋರು, ಅದೇ ವಾಸನೆ, ಅದೇ. ಇಲ್ಲಿಯವರು ಖಸ್ ಅನ್ನೋದು ನಮ್ಮ ಲಾವಂಚದ ಬೇರೇ ಅಂತ ನನಗೆ ಗೊತ್ತೇ ಇರ್ಲಿಲ್ಲ. ಆವತ್ತು ರಾತ್ರಿ ಕೂಲರ್ ಮುಂದೆ ನೆಲದ ಮೇಲೆ ಚಾಪೆ ಹಾಕ್ಕೊಂಡು ಇಬ್ರೂ ಮಲಗಿದ್ವಿ, ಬಂದ ಮೇಲೆ ಮೊದಲ್ನೇ ಸಲ ಸರಿಯಾಗಿ ನಿದ್ದೆ ಬಂತು.

ಕಾಗದ ಪತ್ರದ ವಿಷಯ ಹೇಳಲೇಬೇಕು, ಯಾಕಂದ್ರೆ ನಮ್ಮ ಕಡೆ ಹುಡುಗೀರು ಇಲ್ಲೇ ಎಡವೋದು. ಮದುವೆ ಆಯ್ತು ಅಂದ್ರೆ ಸಾಲದು, ಪಾರ್ಟ್ ಟೂ ಆರ್ಡರ್ ಅಂತ ಪಬ್ಲಿಶ್ ಆಗ್ಬೇಕು, ಅದಾದ್ರೇನೇ ಆರ್ಮಿ ಲೆಕ್ಕದಲ್ಲಿ ನೀನು ಹೆಂಡತಿ. ಡಿಪೆಂಡೆಂಟ್ ಕಾರ್ಡು, ಎಂಎಚ್ ಅಂದ್ರೆ ಮಿಲಿಟ್ರಿ ಆಸ್ಪತ್ರೇಲಿ ಡಾಕ್ಟ್ರು, ಕ್ವಾರ್ಟರ್ಸು ಎಲ್ಲಾದಕ್ಕೂ ಅದೇ ಬುಡ. ಸಬ್ ರಿಜಿಸ್ಟ್ರಾರ್ ಆಫೀಸಿನ ಮ್ಯಾರೇಜ್ ಸರ್ಟಿಫಿಕೇಟ್ ಬೇಕು, ಗಂಡ ಹೆಂಡತಿ ಪಕ್ಕ ಪಕ್ಕ ಕೂತಿರೋ ಜಾಯಿಂಟ್ ಫೋಟೋ ಬೇಕು, ಒಂದಲ್ಲ ಎರಡಲ್ಲ, ಎರಡು ಡಜನ್ ತೆಗೆಸಿಟ್ಕೋ. ನನ್ನ ಹೆಸರು ಆಧಾರಲ್ಲಿ ಇನಿಷಿಯಲ್ ಮುಂದೆ, ಮಾರ್ಕ್ಸ್ ಕಾರ್ಡಲ್ಲಿ ಹಿಂದೆ, ಮ್ಯಾರೇಜ್ ಸರ್ಟಿಫಿಕೇಟಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿಸಿ. ಎರಡು ಸಲ ಪೇಪರ್ ವಾಪಸ್ ಬಂತು, ಎರಡು ತಿಂಗಳು ಹಾಗೇ ಹೋಯ್ತು. ಮದುವೆಗೆ ಮುಂಚೇನೇ ಎಲ್ಲಾದರಲ್ಲೂ ಒಂದೇ ಥರ ಮಾಡಿಸ್ಕೊಂಡುಬಿಡು ತಂಗಿ, ಸೀರೆ ಆಮೇಲೆ ತಗೋಬಹುದು.

ಅದೇ ಪೇಪರ್‌ಗಳ ಜೊತೆ ಒಂದು ರಾತ್ರಿ ಇನ್ನೂ ಎರಡು ಫಾರಂ ತಂದ್ರು. ಇದೇನು ರೀ ಅಂದೆ. ನೆಕ್ಸ್ಟ್ ಆಫ್ ಕಿನ್ ಅಂತ, ನನಗೇನಾದ್ರೂ ಆದ್ರೆ ಮೊದಲು ಯಾರಿಗೆ ತಿಳಿಸ್ಬೇಕು ಅಂತ ಬರ್ಸ್ಕೋತಾರೆ ಕಣೇ, ಇಷ್ಟು ದಿನ ಅಮ್ಮನ ಹೆಸರಿತ್ತು, ಈಗ ನಿಂದು ಹಾಕ್ಬೇಕು ಅಂದ್ರು. ಕರೆಂಟ್ ಬಿಲ್ ವಿಷಯ ಹೇಳ್ದಷ್ಟು ಸಲೀಸಾಗಿ ಹೇಳಿದ್ರು. ಇನ್ನೊಂದು ಗ್ರೂಪ್ ಇನ್ಶೂರೆನ್ಸಿಂದು, ಅದರಲ್ಲಿ ಅಮ್ಮಂಗೆ ಇಷ್ಟು ನಿಂಗೆ ಇಷ್ಟು ಅಂತ ಬರೀತೀನಿ, ಬೇಜಾರಿಲ್ಲ ತಾನೆ ಅಂತ ಕೇಳಿದ್ರು. ನನಗೆ ಬಾಯೇ ಬರ್ಲಿಲ್ಲ. ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ, ಇವ್ರು ಕಪ್ಪು ಪೆನ್ನಲ್ಲಿ ನನ್ನ ಹೆಸರನ್ನ ಒಂದೊಂದೇ ಅಕ್ಷರ ತುಂಬಿಸ್ತಾ ಹೋದ್ರು, ಮಧ್ಯೆ ಒಂದು ಸಲ ನಿಲ್ಲಿಸಿ ಸ್ಪೆಲಿಂಗ್ ಕೇಳಿದ್ರು. ಆಮೇಲೆ ಊಟಕ್ಕೆ ಕೂತ್ರು, ಎರಡು ಸಲ ಅನ್ನ ಹಾಕಿಸ್ಕೊಂಡ್ರು. ನಂಗೆ ಒಂದು ತುತ್ತೂ ಇಳೀಲಿಲ್ಲ. ಮಾರನೇ ದಿನ ಅತ್ತೆಗೆ ಫೋನ್ ಮಾಡಿ ಹೇಳಿದೆ, ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಇನ್ಮೇಲೆ ನಿಂದೇ ಜವಾಬ್ದಾರಿ ತಾಯಿ, ಹುಷಾರಾಗಿ ನೋಡ್ಕೋ ಅಂದ್ರು.

ಸೆಪ್ಟೆಂಬರಲ್ಲಿ ಕ್ವಾರ್ಟರ್ಸ್ ಸಿಕ್ತು. ಇಲ್ಲಿ ಅದಕ್ಕೆ ಮಾರ್ಚಿಂಗ್ ಇನ್ ಅಂತಾರೆ. ಮಿಲಿಟ್ರಿ ಕಟ್ಟಡ ನೋಡ್ಕೊಳೋ ಎಂಇಎಸ್‌ನವರು ಬಂದು ಫ್ಯಾನ್ ಎಷ್ಟು, ಬಲ್ಬ್ ಎಷ್ಟು, ನಲ್ಲಿ ಎಷ್ಟು, ಮಂಚ ಎಷ್ಟು ಎಲ್ಲಾ ಲಿಸ್ಟ್ ಓದಿ ಸೈನ್ ಹಾಕಿಸ್ಕೊಂಡು ಬೀಗ ಕೊಟ್ರು. ಅವರು ಹೋದ ಮೇಲೆ ನಾನು ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟು ಹಾಲು ಉಕ್ಕಿಸಿದೆ. ಎರಡು ರೂಮು, ಅಡುಗೆ ಮನೆ, ಹಿಂದೆ ಒಂಚೂರು ಹಿತ್ತಲು. ಹಿತ್ತಲಲ್ಲಿ ಆಳೆತ್ತರದ ಕರಿಬೇವಿನ ಗಿಡ! ಇಲ್ಲಿ ಅದಕ್ಕೆ ಮೀಠಾ ನೀಮ್ ಅಂತಾರೆ. ನಮಗಿಂತ ಮುಂಚೆ ಇದ್ದ ಯಾರೋ ನೆಟ್ಟಿದ್ದು, ಯಾರು ಅಂತ ಗೊತ್ತಿಲ್ಲ, ದಿನಾ ಒಗ್ಗರಣೆ ಹಾಕುವಾಗ ಅವರನ್ನ ನೆನೀತೀನಿ.

ಪಕ್ಕದ ಮನೆ ದೀದಿ ಉತ್ತರಾಖಂಡದ ಪೌಡಿ ಕಡೆಯವರು. ಕೊಡಗಲ್ಲಿ ಹೇಗೋ ಅವರ ಕಡೇನೂ ಹಾಗೇ, ಮನೆಗೊಬ್ರು ಫೌಜಲ್ಲಿ. ಅವರ ಮಾವ, ಅಣ್ಣ, ಗಂಡ ಎಲ್ಲಾ ಫೌಜಿಗಳು. ನನಗೆ ಆಗ ಹಿಂದಿ ಅಷ್ಟಕ್ಕಷ್ಟೆ, ಅವರು ನಿಧಾನಕ್ಕೆ ಮಾತಾಡೋರು. ಒಂದಿನ ಅವರ ಅಡುಗೆ ಮನೇಲಿ ಕಪ್ಪು ಕಪ್ಪು ರೊಟ್ಟಿ ಬೇಯಿಸ್ತಿದ್ರು. ಹಿಟ್ಟು ಮುಟ್ಟಿ ನೋಡ್ದೆ, ಮೂಗಿಗೆ ಹಿಡಿದೆ, ರಾಗಿ! ಮಂಡುವಾ ಅಂದ್ರು ಅವರು. ನಾನು ತಂದಿದ್ದ ಐದು ಕೆಜಿ ಜೂನಲ್ಲೇ ಹುಳ ಬಿದ್ದು ಹೋಗಿತ್ತು, ಮೂರು ತಿಂಗಳಿಂದ ಮುದ್ದೆ ಕಂಡಿರ್ಲಿಲ್ಲ, ನಂಗೆ ಕಣ್ಣಲ್ಲಿ ನೀರೇ ಬಂದ್ಬಿಡ್ತು, ದೀದಿಗೆ ಗಾಬರಿ. ವಿಷಯ ಹೇಳಿದ ಮೇಲೆ ಒಂದು ಡಬ್ಬ ಹಿಟ್ಟು ಕೊಟ್ರು, ಜೊತೆಗೆ ಗಹತ್ ಅಂತ ಒಂದು ಕಾಳು ತೋರಿಸಿದ್ರು, ಅದು ಹುರುಳಿ ಕಾಳು! ಹಿಮಾಲಯದ ಹಳ್ಳಿಗೂ ನಮ್ಮ ಅರಸೀಕೆರೆಗೂ ಒಂದೇ ಊಟ ಅಂತ ಯಾರು ಅಂದ್ಕೊಂಡಿದ್ರು.

ಆವತ್ತು ಸಂಜೆ ಹುರುಳಿ ಕಾಳು, ಚೌಲಾಯಿ ಅಂತ ಇಲ್ಲಿ ಮಾರ್ತಾರಲ್ಲ ದಂಟಿನ ಸೊಪ್ಪು, ಎರಡೂ ಬೇಯಿಸಿ ಬಸಿದು ಬಸ್ಸಾರು ಮಾಡಿದೆ. ಮುದ್ದೆ ಕೋಲು ಇರ್ಲಿಲ್ಲ, ಲಟ್ಟಣಿಗೇಲೇ ತಿರುವಿದೆ. ನೀರು ಕುದ್ದು, ಹಿಟ್ಟು ಗುಡ್ಡೆ ಹಾಕಿ, ನಡುವೆ ತೂತು ಮಾಡಿ ಬೇಯೋಕೆ ಬಿಟ್ಟಾಗ ಬರುತ್ತಲ್ಲ ಆ ವಾಸನೆ, ದೀದಿ ಬಾಗಿಲಲ್ಲಿ ನಿಂತು ನೋಡ್ತಾನೇ ಇದ್ರು. ಅವರ ಹಿಟ್ಟು ಸ್ವಲ್ಪ ತರಿ ತರಿ, ಮೊದಲ್ನೇ ಮುದ್ದೆ ಬಿರುಕು ಬಿಡ್ತು, ಎರಡನೇದು ಕೈಗೆ ನೀರು ಮುಟ್ಟಿಸ್ಕೊಂಡು ಕಟ್ಟಿದೆ, ಗುಂಡಗೆ ಬಂತು. ಅಗೀಬೇಡಿ ದೀದಿ, ಸಾರಲ್ಲಿ ಅದ್ದಿ ನುಂಗ್ಬೇಕು ಅಂತ ಕೈ ಸನ್ನೇಲಿ ತೋರಿಸಿದೆ. ಇವ್ರು ಡ್ಯೂಟಿ ಮುಗಿಸಿ ಬಂದು ತಟ್ಟೆ ನೋಡಿ ಬೂಟು ಬಿಚ್ಚೋದೂ ಮರೆತು ಹಾಗೇ ನಿಂತ್ಬಿಟ್ರು.

ಡಿಸೆಂಬರಲ್ಲಿ ಮೂರು ವಾರ ಎಕ್ಸರ್‌ಸೈಜ್‌ಗೆ, ಅಂದ್ರೆ ಯುದ್ಧದ ತಾಲೀಮಿಗೆ ಹೋದ್ರು, ಫೋನ್ ಇಲ್ಲ ಏನಿಲ್ಲ. ಕೊರೆಯೋ ಚಳಿ, ಬಿಸಿಲಷ್ಟೇ ಕೆಟ್ಟದು. ದೀದಿ ತಮ್ಮ ಮಗಳನ್ನ ರಾತ್ರಿ ನನ್ನ ಜೊತೆ ಮಲಗೋಕೆ ಕಳಿಸೋರು. ಒಂದು ಭಾನುವಾರ ಅವಳನ್ನ ಕೋಟೆಗೆ ಕರ್ಕೊಂಡು ಹೋದೆ, 1613ರಲ್ಲಿ ಓರ್ಛಾ ರಾಜ ಬೀರ್ ಸಿಂಗ್ ಕಟ್ಟಿಸಿದ್ದು, ಕಡಕ್ ಬಿಜಲಿ ಅಂತ ದೊಡ್ಡ ತೋಪು ಇದೆ. ನಿಮ್ಮ ರಾಣಿಗಿಂತ ಮುಂಚೆ ನಮ್ಮಲ್ಲೂ ಒಬ್ಬಳು ರಾಣಿ ಇದ್ಲು, ಕಿತ್ತೂರು ಚೆನ್ನಮ್ಮ, 1824ರಲ್ಲೇ, ಅವಳಿಗೂ ದತ್ತು ಮಗನಿಗೆ ರಾಜ್ಯ ಇಲ್ಲ ಅಂದ್ರು ಬ್ರಿಟಿಷರು, ಅವಳೂ ಕತ್ತಿ ಹಿಡಿದ್ಲು ಅಂತ ನನ್ನ ಹಿಂದೀಲಿ ಹೇಳಿದೆ. ಅವಳು ಸ್ಕೂಲಲ್ಲಿ ಹೋಗಿ ಎಲ್ರಿಗೂ ಹೇಳಿದ್ಲಂತೆ. ಸಂಕ್ರಾಂತಿ ಮಾರನೇ ದಿನವೇ ಆರ್ಮಿ ಡೇ, 1949ರ ಜನವರಿ 15ಕ್ಕೆ ನಮ್ಮ ಕೊಡಗಿನ ಕಾರ್ಯಪ್ಪನವರು ಇಡೀ ಸೈನ್ಯದ ಚಾರ್ಜ್ ತಗೊಂಡ ದಿನ. ಲೈನಲ್ಲಿರೋ ಎಲ್ಲಾ ಮನೆಗೂ ಎಳ್ಳುಬೆಲ್ಲ ಹಂಚಿದೆ. ಕೊಬ್ಬರಿ ಊರಿಂದ ಅಪ್ಪ ಪಾರ್ಸಲ್ ಕಳಿಸಿದ್ರು, ಎಳ್ಳು ಇಲ್ಲೇ ಬೇಕಾದಷ್ಟು ಸಿಗುತ್ತೆ.

ಇವ್ರು ವಾಪಸ್ ಬಂದ ಮೇಲೆ ಓರ್ಛಾಗೆ ಹೋಗಿದ್ವಿ, ಇಲ್ಲಿಂದ ಹತ್ರಾನೇ, ಬೇತ್ವಾ ನದಿ ದಡದಲ್ಲಿ. ಅಲ್ಲಿ ರಾಮ ದೇವರಷ್ಟೇ ಅಲ್ಲ, ಊರಿನ ರಾಜಾನೂ ಅವನೇ, ರಾಮರಾಜ. ರಾಜ ಅಂದ ಮೇಲೆ ಪೊಲೀಸರು ಬಂದೂಕು ಹಿಡಿದು ಗಾರ್ಡ್ ಆಫ್ ಆನರ್ ಕೊಡ್ತಾರೆ. ಜನ ಎಲ್ಲಾ ಕೈ ಮುಗೀತಿದ್ರು. ಪಕ್ಕಕ್ಕೆ ತಿರುಗಿ ನೋಡ್ತೀನಿ, ಇವ್ರು ಸಿವಿಲ್ ಡ್ರೆಸ್ಸಲ್ಲಿ, ಕೈಯಲ್ಲಿ ನನ್ನ ಚಪ್ಪಲಿ ಬ್ಯಾಗು, ಹಿಮ್ಮಡಿ ಜೋಡಿಸಿ ಸಾವಧಾನದಲ್ಲಿ ನಿಂತಿದಾರೆ, ಕಣ್ಣು ನೇರ. ಆ ಮುಖ ನಾನು ಊರಲ್ಲೇ ಕೂತಿದ್ರೆ ಯಾವತ್ತೂ ನೋಡ್ತಿರ್ಲಿಲ್ಲ. ರಜಕ್ಕೆ ಬಂದಾಗ ಅವರು ಮಗ, ಅಳಿಯ, ಬಾವ ಎಲ್ಲಾ ಆಗಿರ್ತಾರೆ. ಅವರ ಕೆಲಸ ಅವರನ್ನ ಏನು ಮಾಡಿದೆ ಅನ್ನೋದು ಇಲ್ಲಿದ್ರೇನೇ ಕಾಣೋದು.

ಹಾಗಾಗಿ ತಂಗಿ, ಹೊರಡು. ಬಿಸಿಲು ಇರುತ್ತೆ, ಅಳು ಬರುತ್ತೆ, ಪೇಪರ್ ವಾಪಸ್ ಬರುತ್ತೆ, ಆದ್ರೂ ಹೊರಡು. ನಿನ್ನ ಅತ್ತೆ ಮಾವಂಗೆ ವಯಸ್ಸಾಗಿದೆ, ನೋಡ್ಕೊಳೋರಿಲ್ಲ ಅಂದ್ರೆ ಆ ಮಾತು ಬೇರೆ, ಅದನ್ನ ನೀವಿಬ್ರೂ ಕೂತು ತೀರ್ಮಾನ ಮಾಡಿ, ಯಾರೂ ತಪ್ಪು ಅನ್ನಲ್ಲ. ಬರೀ ಭಯಕ್ಕೆ ಮಾತ್ರ ಉಳ್ಕೋಬೇಡ.

ನಾಳಿದ್ದು ನಮ್ಮತ್ತೆ ಮಾವ ಬರ್ತಿದಾರೆ, ಯುಗಾದಿ ಇಲ್ಲೇ. ಅತ್ತೆ ತಿರುಪತಿ ಬಿಟ್ಟು ಆ ಕಡೆ ರೈಲಲ್ಲಿ ಹೋದವರೇ ಅಲ್ಲ. ಹತ್ತು ಕೆಜಿ ರಾಗಿ ಹಿಟ್ಟು ಹೇಳಿದೀನಿ, ಅದರಲ್ಲಿ ಎರಡು ಕೆಜಿ ದೀದಿಗೆ, ನುಣ್ಣಗೆ ಬೀಸಿದ್ದು ಹೇಗಿರುತ್ತೆ ಅಂತ ಅವರೂ ನೋಡ್ಲಿ. ಮುದ್ದೆ ಕೋಲೂ ಮರೀದೆ ತನ್ನಿ ಅಂತ ಮೂರು ಸಲ ಹೇಳಿದೀನಿ. ಈಗ್ಲೇ ಸೆಕೆ ಶುರುವಾಗಿದೆ, ಇವತ್ತು ಸಂಜೆ ಕೂಲರಿಗೆ ಹೊಸ ಲಾವಂಚ ಕಟ್ಟಬೇಕು.